ಹೆಸರಿನ ಮೂಲ ಪತ್ತೆ ಮಾಡುವುದು ಹೇಗೆ?

ಯಾವುದಾದರೂ ಹೆಸರನ್ನು ಇಂಟರ್‌ನೆಟ್‌ನಲ್ಲಿ ಹಾಕಿ 'ಅರ್ಥ' ಅಂತ ಹುಡುಕಿ ನೋಡಿ. ಬರುವ ಉತ್ತರ ಹೆಚ್ಚೂಕಮ್ಮಿ ಒಂದೇ. ಸುಂದರ, ಶೂರ, ಬೆಳಕು, ದೇವರ ಕೊಡುಗೆ. ಆದರೆ ಪಾಲ್ ಅಂದರೆ 'ಚಿಕ್ಕವನು', ಕ್ಲಾಡಿಯಾ ಹೆಸರಿನ ಬೇರಿನಲ್ಲಿ 'ಕುಂಟ' ಎಂಬ ಲ್ಯಾಟಿನ್ ಪದವಿದೆ. ಇಂಥದ್ದನ್ನು ಎಷ್ಟೋ ಪಟ್ಟಿಗಳು ಮೆಲ್ಲಗೆ ಪಕ್ಕಕ್ಕೆ ಸರಿಸಿಬಿಡುತ್ತವೆ. ನಿಜವಾದ ಮೂಲ ಬೇಕಿದ್ದರೆ ಸ್ವಲ್ಪ ಪತ್ತೇದಾರಿಕೆ ಮಾಡಬೇಕು. ಕಷ್ಟವೇನಿಲ್ಲ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ಮುಖ್ಯ.

1. ಮುದ್ದಿನ ಹೆಸರು ಬಿಟ್ಟು ಪೂರ್ತಿ ಹೆಸರಿಗೆ ಬನ್ನಿ

ಕರೆಯುವ ಹೆಸರು ಬೇರೆ, ಇಟ್ಟ ಹೆಸರು ಬೇರೆ. ಸಾಷಾ ಎಂಬುದಕ್ಕೆ ಅರ್ಥ ಹುಡುಕಿ ಪ್ರಯೋಜನವಿಲ್ಲ. ರಷ್ಯನ್ನರು ಅಲೆಕ್ಸಾಂಡರನನ್ನೂ ಅಲೆಕ್ಸಾಂಡ್ರಾಳನ್ನೂ ಪ್ರೀತಿಯಿಂದ ಕರೆಯುವುದೇ ಹಾಗೆ. ಪೆಗ್ಗಿಯ ಕಥೆ ಇನ್ನೂ ತಮಾಷೆ. ಮಾರ್ಗರೆಟ್ ಹೋಗಿ ಮೆಗ್ ಆಯಿತು, ಮೆಗ್ ಹೋಗಿ ಪೆಗ್ ಆಯಿತು. ಮಾರ್ಗರೆಟ್‌ಗೆ ಬಂದು ನಿಂತ ಮೇಲೆ ಗ್ರೀಕ್ ಭಾಷೆಯ 'ಮುತ್ತು' ಸಿಗುತ್ತದೆ.

2. ಯಾವ ಭಾಷೆಯದು? ಅರ್ಥದ ಮಾತು ಆಮೇಲೆ

ಜಾಸ್ತಿ ಜನ ಎಡವುವುದು ಇಲ್ಲೇ. ನವೋಮಿ ಎಂಬ ಹೀಬ್ರೂ ಹೆಸರಿದೆ, ಜಪಾನಿನಲ್ಲೂ ನವೋಮಿ ಇದೆ. ಎರಡಕ್ಕೂ ಸಂಬಂಧವೇ ಇಲ್ಲ. ಸಂಸ್ಕೃತದ ಮಾಯಾ ಬೇರೆ, ಇಸ್ರೇಲಿನಲ್ಲಿ ಸಿಗುವ ಮಾಯಾ ಬೇರೆ. ಆದ್ದರಿಂದ ಹೆಸರಿಟ್ಟವರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು ಎಂದು ಮೊದಲು ತಿಳಿಯಿರಿ.

ಜಪಾನಿ ಹೆಸರಾದರೆ ಅದೂ ಸಾಲದು. ಯುಕಿ ಎಂಬ ಹೆಸರನ್ನು 'ಹಿಮ' ಎಂಬ ಅಕ್ಷರದಿಂದಲೂ ಬರೆಯಬಹುದು, 'ಸೌಭಾಗ್ಯ' ಎಂಬ ಅಕ್ಷರದಿಂದಲೂ ಬರೆಯಬಹುದು. ಬರೆದದ್ದನ್ನು ನೋಡದೆ, ಕಿವಿಗೆ ಬಿದ್ದದ್ದನ್ನು ಮಾತ್ರ ನಂಬಿ ಅರ್ಥ ಹೇಳುವುದು ಸುಮ್ನೆ ಊಹೆ.

ಇದಕ್ಕೆ ತಿರುವುಮುರುವಾದದ್ದೂ ಇದೆ. ಇವಾನ್, ಹ್ವಾನ್, ಜೊವಾನ್ನಿ, ಶಾನ್, ಹಾನ್ಸ್ ಎಲ್ಲ ಕೇಳುವುದಕ್ಕೆ ಬೇರೆ ಬೇರೆ. ಮೂಲ ಮಾತ್ರ ಒಂದೇ ಹೀಬ್ರೂ ಹೆಸರು ಯೊಹಾನಾನ್, 'ದೇವರು ಕೃಪೆ ತೋರಿದ' ಎಂದು. ಇಂಗ್ಲಿಷಿನ ಜಾನ್ ಕೂಡ ಅದೇ. ನನಗೆ ಇದಕ್ಕಿಂತ ಇಷ್ಟವಾದದ್ದು ಸಿಕಂದರ್. ಗ್ರೀಕಿನ ಅಲೆಕ್ಸಾಂದ್ರೊಸ್ ಎಂದರೆ 'ಜನರನ್ನು ಕಾಯುವವನು'. ಅರಬ್ಬೀ ಭಾಷೆಯಲ್ಲಿ ಪದದ ಮುಂದೆ 'ಅಲ್' ಸೇರಿಸುವುದು ರೂಢಿ, ಇಂಗ್ಲಿಷಿನ 'ದ' ಇದ್ದ ಹಾಗೆ. ಈ ಹೆಸರಿನ ಮೊದಲ ಎರಡಕ್ಷರವನ್ನೂ ಅದೇ 'ಅಲ್' ಎಂದುಕೊಂಡರು. ಅದನ್ನು ಕಳಚಿದರು, ಉಳಿದದ್ದರಲ್ಲಿ 'ಕ್ಸ' ಹೋಗಿ 'ಸ್ಕ' ಆಯಿತು. ಇಸ್ಕಂದರ್ ಹುಟ್ಟಿತು. ಪರ್ಷಿಯನ್ನರ ಬಾಯಲ್ಲಿ ಅದು ಸಿಕಂದರ್ ಆಯಿತು. ಒಂದು ಪದ ದೇಶ ದಾಟುವಾಗ ಏನೆಲ್ಲ ಕಳೆದುಕೊಳ್ಳುತ್ತದೆ, ಅಲ್ವಾ?

3. ಒಡೆದು ನೋಡಿ, ಆದರೆ ಮತ್ತೆ ಅಂಟಿಸಬೇಡಿ

ಹಳೆಯ ಜರ್ಮನ್, ಇಂಗ್ಲಿಷ್ ಹೆಸರುಗಳು ಹೆಚ್ಚಾಗಿ ಎರಡು ತುಂಡು ಸೇರಿ ಆದವು. ರಾಬರ್ಟ್‌ನಲ್ಲಿ 'ಕೀರ್ತಿ' ಮತ್ತು 'ಹೊಳಪು' ಇವೆ. ವಿಲ್‌ಹೆಲ್ಮ್‌ನಲ್ಲಿ 'ಛಲ' ಮತ್ತು 'ಶಿರಸ್ತ್ರಾಣ'. ಹಿಲ್ಡೆಗುಂಡ್‌ನಲ್ಲಿ 'ಯುದ್ಧ' ಮತ್ತು ಮತ್ತೊಂದು 'ಯುದ್ಧ'! ಇದಕ್ಕೆ ಏನು ಅರ್ಥ ಹೇಳುತ್ತೀರಿ?

ಅಷ್ಟಕ್ಕೂ ಅರ್ಥ ಕೂಡಿಬರಲಿ ಎಂದು ಜೋಡಿಸಿದ್ದೇ ಅಲ್ಲ. 11ನೇ ಶತಮಾನದಲ್ಲಿ ಇಂಗ್ಲೆಂಡಿನ ವೂಸ್ಟರಿನಲ್ಲಿ ವುಲ್ಫ್‌ಸ್ಟನ್ ಎಂಬ ಬಿಷಪ್ ಇದ್ದರು. 'ತೋಳ-ಕಲ್ಲು' ಎಂದು ತಲೆ ಕೆಡಿಸಿಕೊಳ್ಳಬೇಡಿ. ತಾಯಿ ವುಲ್ಫ್‌ಗಿಫು, ತಂದೆ ಎಥೆಲ್‌ಸ್ಟನ್. ಆಕೆಯ ಮೊದಲ ತುಂಡು, ಆತನ ಕೊನೆಯ ತುಂಡು, ಅಷ್ಟೇ. ಮಗುವಿಗೆ ಕೊಟ್ಟದ್ದು ಅರ್ಥವನ್ನಲ್ಲ, ನೆಂಟಸ್ತಿಕೆಯನ್ನು.

4. ಅಲ್ಲಿನ ಹೆಸರಿಡುವ ಕ್ರಮ ತಿಳಿಯಿರಿ

ಕೆಲವು ಕಡೆ ಹೆಸರೆಂದರೆ ಜನನದ ದಾಖಲೆ. ಬಾಲಿ ದ್ವೀಪದಲ್ಲಿ ವಯಾನ್, ಮದೆ, ನ್ಯೋಮನ್, ಕೆತುತ್ ಎಂದರೆ ಕ್ರಮವಾಗಿ ಒಂದನೆಯ, ಎರಡನೆಯ, ಮೂರನೆಯ, ನಾಲ್ಕನೆಯ ಮಗು. ಐದನೆಯದಕ್ಕೆ ಮತ್ತೆ ವಯಾನ್. ಮಂಗೋಲಿಯಾದಲ್ಲಿ ನೆರ್‌ಗುಯ್ ಎಂಬ ಹೆಸರಿದೆ, ಅಂದರೆ 'ಹೆಸರಿಲ್ಲ'. ಕೆಟ್ಟ ಶಕ್ತಿಗಳಿಗೆ ಮಗುವಿನ ಸುಳಿವು ಸಿಗದಿರಲಿ ಎಂಬ ಉಪಾಯ.

ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರಾಗುತ್ತದೆ. ವಿಶ್ವಸಂಸ್ಥೆಯ ಮುಖ್ಯಸ್ಥರಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8. ಕ್ಯಾಲೆಂಡರ್ ತೆಗೆದು ನೋಡಿ, ಶುಕ್ರವಾರ. ಕೋಫಿ ಎಂದರೆ ಶುಕ್ರವಾರದ ಗಂಡುಮಗು. ಅವರ ನಡುವಿನ ಹೆಸರು ಅಟ್ಟಾ, ಅಂದರೆ ಅವಳಿ. ಹೌದು, ಅವರಿಗೆ ಅವಳಿ ಸಹೋದರಿ ಇದ್ದರು.

ಇದೇ ಲೆಕ್ಕ ಕ್ವಾಮೆ ಎನ್‌ಕ್ರೂಮಾ ಅವರಿಗೆ ಹಾಕಿ. ಘಾನಾದ ಈ ಮೊದಲ ಅಧ್ಯಕ್ಷರ ಜನ್ಮದಿನ ದಾಖಲೆಯ ಪ್ರಕಾರ 1909ರ ಸೆಪ್ಟೆಂಬರ್ 21. ಅದು ಮಂಗಳವಾರ. ಕ್ವಾಮೆ ಮಾತ್ರ ಶನಿವಾರದ ಹೆಸರು! ತಾರೀಖು ಪಾದ್ರಿಯೊಬ್ಬರು ಅಂದಾಜಿನ ಮೇಲೆ ಬರೆದದ್ದು ಎಂದು ಎನ್‌ಕ್ರೂಮಾ ಅವರೇ ಹೇಳಿಕೊಂಡಿದ್ದಾರೆ. ಕಾಗದಕ್ಕಿಂತ ಹೆಸರನ್ನೇ ನಂಬಬಹುದಾದ ಪ್ರಸಂಗ ಇದು.

5. ಇಸವಿ ಹಿಡಿಯಿರಿ

ಒಂದು ಹೆಸರು ಯಾವಾಗಿನಿಂದ ಕಾಣಿಸುತ್ತದೆ ಎಂದು ನೋಡಿದರೆ ಅರ್ಧ ಗುಟ್ಟು ಹೊರಗೆ ಬರುತ್ತದೆ. ನಿನೆಲ್ ಎಂಬ ರಷ್ಯನ್ ಹುಡುಗಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ (Ninel) ಬರೆದು ಹಿಂದುಮುಂದಾಗಿ ಓದಿ, ಲೆನಿನ್! 1917ರ ಕ್ರಾಂತಿಗೆ ಮೊದಲು ಅದು ಹುಟ್ಟಲು ಸಾಧ್ಯವೇ ಇರಲಿಲ್ಲ. ಚೀನಾದಲ್ಲಿ ಜಿಯಾಂಗ್ವೊ, 'ದೇಶ ಕಟ್ಟು', 1949ರ ಆಸುಪಾಸಿನಲ್ಲಿ ಹುಟ್ಟಿದ ಗಂಡಸರಲ್ಲಿ ಜಾಸ್ತಿ. ಅಮೆರಿಕದ ಹೆಸರಾದರೆ ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಇಲಾಖೆ 1880ರಿಂದ ಈಚಿನ ಲೆಕ್ಕವನ್ನು ಉಚಿತವಾಗಿ ಕೊಡುತ್ತದೆ. ವರ್ಷದಲ್ಲಿ 5ಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರು ಅದರಲ್ಲಿ ಇರುವುದಿಲ್ಲ, ಅಷ್ಟು ನೆನಪಿಡಿ.

ಇಸವಿ ಎಷ್ಟು ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ವನೆಸ್ಸಾ ನೋಡಿ. 'ಚಿಟ್ಟೆ' ಎಂದೇ ಎಲ್ಲ ಕಡೆ ಬರೆದಿರುತ್ತಾರೆ. ಆದರೆ 18ನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿದ್ದು ಲೇಖಕ ಜೊನಾಥನ್ ಸ್ವಿಫ್ಟ್. ಎಸ್ತರ್ ವಾನೊಮ್ರಿ ಎಂಬ ಗೆಳತಿಯ ಕುಲನಾಮದ 'ವಾನ್' ತೆಗೆದು, ಎಸ್ತರಿನ 'ಎಸ್' ಸೇರಿಸಿದರು. ಕೀಟತಜ್ಞ ಫ್ಯಾಬ್ರಿಷಿಯಸ್ ಒಂದು ಚಿಟ್ಟೆ ಕುಲಕ್ಕೆ ಈ ಹೆಸರು ಕೊಟ್ಟದ್ದು 1807ರಲ್ಲಿ. ಅಂದರೆ ಚಿಟ್ಟೆಯೇ ಹೆಸರಿನ ಸಾಲ ಪಡೆದದ್ದು.

6. ಇಟ್ಟವರನ್ನು ಕೇಳಿ

ಪದದ ಅರ್ಥ ಒಂದು, ಇಟ್ಟ ಕಾರಣ ಇನ್ನೊಂದು. ಅಜ್ಜಿಯ ನೆನಪು, ಮೆಚ್ಚಿದ ಆಟಗಾರ, ಹೆರಿಗೆ ಮಾಡಿಸಿದ ದಾದಿ, ಏನೂ ಇರಬಹುದು. ಇದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಹಾಗಾಗಿ ಬರೆದಿಡುವಾಗ ಎರಡು ಕಾಲಂ ಮಾಡಿ. ಒಂದರಲ್ಲಿ ಮೂಲ, ಇನ್ನೊಂದರಲ್ಲಿ ಕಾರಣ. ಎರಡನ್ನೂ ಕಲೆಸಬೇಡಿ.

ಮೂಲದ ಕಾಲಂ ಕೆಲವು ಸಲ ತುಂಬುವುದೇ ಇಲ್ಲ. ಲೋಕದ ತುಂಬ ಇರುವ ಮೇರಿ, ಮರಿಯಮ್ ಹೆಸರಿನ ಮೂಲದ ಬಗ್ಗೆ ವಿದ್ವಾಂಸರಿಗೆ ಇವತ್ತಿಗೂ ಒಮ್ಮತವಿಲ್ಲ. 'ಕಹಿ' ಎನ್ನುವವರಿದ್ದಾರೆ, 'ಬಯಸಿ ಪಡೆದ ಮಗು' ಎನ್ನುವವರಿದ್ದಾರೆ, ಪ್ರಾಚೀನ ಈಜಿಪ್ಟಿನ 'ಪ್ರೀತಿ' ಎನ್ನುವವರೂ ಇದ್ದಾರೆ. ಮೂರನ್ನೂ ಬರೆಯಿರಿ, ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿ.