14 ಲೀಟರಿನ ಚೀಟಿ ಮತ್ತು ನನ್ನ ವಿಎಮ್ ಸ್ಟ್ಯಾಕು

ಹಾಲಿನ ಚೀಟಿ ಕೊಡುವ ಮೆಷೀನಿಗೆ ನಾನೇ ಒಂದು ವಿಎಮ್ (ಪ್ರೋಗ್ರಾಮಿನ ಸೂಚನೆಗಳನ್ನು ಓದಿ ನಡೆಸುವ ತಂತ್ರಾಂಶ) ಬರೆದೆ. "ಸ್ವಂತ ವಿಎಮ್ ಯಾಕೆ, ಸುಮ್ನೆ ಲುವಾ ಅನ್ನೋ ರೆಡಿ ಭಾಷೆ ಹಾಕು" ಅಂತ ಬೆಂಗಳೂರಿನ ಗೆಳೆಯರೆಲ್ಲ ನಕ್ಕಿದ್ದರು. ಮಂಡ್ಯದ ಹತ್ತಿರದ ಒಂದು ಹಾಲಿನ ಕೇಂದ್ರದಲ್ಲಿ ಅದು ಈಗ ಏಳು ತಿಂಗಳಿಂದ ಓಡುತ್ತಿದೆ. ಕರೆಂಟ್ ಹೋದಾಗ ಬಿಟ್ಟರೆ ರೀಸ್ಟಾರ್ಟ್ ಆಗಿಲ್ಲ.

ಬೋರ್ಡು ಇಎಸ್‌ಪಿ32, ವೈಫೈ ಇರುವ ಪುಟ್ಟ ಚಿಪ್ಪಿನದು. ಇರುವುದೇ 520 ಕೆಬಿ ರ‍್ಯಾಮು, ವೈಫೈ ತಿಂದ ಮೇಲೆ ನನಗೆ ಸಿಕ್ಕಿದ್ದು 150ರ ಆಸುಪಾಸು. ಪ್ರತಿ ಎಂಟ್ರಿಗೆ ಒಂದು ಕೊರೂಟೀನು (ನಡುವೆ ನಿಂತು ಮತ್ತೆ ಮುಂದುವರಿಯಬಲ್ಲ ಕೆಲಸ), ಅದರ ಸ್ಟ್ಯಾಕೂ (ಫಂಕ್ಷನ್ ಕಾಲ್‌ಗಳ ತಾತ್ಕಾಲಿಕ ಲೆಕ್ಕ ಇಡುವ ಜಾಗ) ಹೀಪಿನಲ್ಲೇ (ಬೇಕಾದಾಗ ಕೇಳಿ ಪಡೆಯುವ ಮೆಮೊರಿ). ಮೊದಮೊದಲು ಮೂರನೇ ದಿನ ಸಂಜೆ ಬಂತೆಂದರೆ ಮೆಮೊರಿ ತುಂಬಿ ಮೆಷೀನು ಮಲಗುತ್ತಿತ್ತು. ಕ್ಯಾನು ಹಿಡಿದು ಸಾಲಲ್ಲಿ ನಿಂತವರ ಬೈಗುಳ ಎಲ್ಲ ನನಗೇ.

ಕಾರಣ ನಾಚಿಕೆಗೇಡಿನದು. ಸ್ಟ್ಯಾಕಿನಿಂದ ಪಾಪ್ ಮಾಡುವಾಗ (ಮೇಲಿನದನ್ನು ತೆಗೆಯುವಾಗ) ಅದರ ತುದಿಯ ಗುರುತಾದ ಎಸ್‌ಪಿ ಇಳಿಸುತ್ತಿದ್ದೆ, ಸ್ಲಾಟ್ ಒರೆಸುತ್ತಿರಲಿಲ್ಲ. ಮುಂದಿನ ಕಾಲ್ ಬಂದು ಫ್ರೇಮಿಗೆ (ಸ್ಟ್ಯಾಕಿನಲ್ಲಿ ತನ್ನ ಪಾಲಿಗೆ) ಜಾಗ ಹಿಡಿದರೆ ಹಳೇ ಪಾಯಿಂಟರುಗಳು (ಮೆಮೊರಿ ವಿಳಾಸಗಳು) ಅದರೊಳಗೆ. ಜಿಸಿ ಅಂದರೆ ಬೇಡದ ಮೆಮೊರಿ ಗುಡಿಸುವ ಭಾಗ; ಬಳಕೆಯಲ್ಲಿರುವುದನ್ನು ಗುರುತಿಸುವ ಅದರ ಮಾರ್ಕರ್ ಅವನ್ನೂ ಜೀವಂತ ಅಂದುಕೊಳ್ಳುತ್ತಿತ್ತು. ಫ್ರೇಮ್ ತೆರೆಯುವಾಗಲೇ ಲೋಕಲ್‌ಗಳಿಗೆ ನಿಲ್ (ಖಾಲಿ ಮೌಲ್ಯ) ತುಂಬಿದೆ. ಅರ್ಧ ಸೋರಿಕೆ ನಿಂತಿತು.

ಇನ್ನರ್ಧ, ಒಮ್ಮೆ ಬೆಳೆದು ಮತ್ತೆ ಕುಗ್ಗದ ಸ್ಟ್ಯಾಕುಗಳು. ಮೊದಲು ತುಂಡು ತುಂಡಾಗಿ ಜೋಡಿಸುವ ಸ್ಟ್ಯಾಕ್ ಮಾಡಿದೆ. ತುಂಡಿನ ಅಂಚಿನಲ್ಲಿ ಲೂಪ್ ಬಿದ್ದರೆ ಪ್ರತಿ ಸುತ್ತಿಗೂ ಅಲೊಕೇಟ್, ಫ್ರೀ (ಮೆಮೊರಿ ಪಡೆ, ಬಿಡು). ಗೋ ಭಾಷೆಯವರು ಇದನ್ನು 1.3ನೇ ಆವೃತ್ತಿಯಲ್ಲೇ ಕೈಬಿಟ್ಟಿದ್ದರು, ನಾನು ಮೂರು ವಾರ ಕಳೆದು ಕಲಿತೆ. ಆಮೇಲೆ ಒಂದೇ ತುಂಡು, ಸಾಲದಾದಾಗ ರೀಅಲೊಕೇಟ್ (ದೊಡ್ಡ ಜಾಗಕ್ಕೆ ಸಾಗಿಸುವುದು). ಅಲ್ಲಿ ಮಾನ ಹೋಯಿತು. ಕ್ಲೋಷರುಗಳು (ಹೊರಗಿನ ವೇರಿಯಬಲ್ ನೆನಪಿಡುವ ಫಂಕ್ಷನ್‌ಗಳು) ಹಳೇ ಸ್ಟ್ಯಾಕಿನ ವಿಳಾಸವನ್ನೇ ಹಿಡಿದಿದ್ದವು. 6 ಲೀಟರ್ ಹಾಕಿದವರ ಕೈಗೆ 14 ಲೀಟರಿನ ಚೀಟಿ! ಅವರು ಸುಮ್ಮನೆ ಜೇಬಿಗಿಟ್ಟರು. 14 ಹಾಕಿದ ಅಜ್ಜಿ ಬಿಡ್ತಾರಾ? ಆ ವಾರ ಕೇಂದ್ರದವರು ನನ್ನ ಬಾಕಿ 18 ಸಾವಿರ ತಡೆಹಿಡಿದರು.

ಈಗ ಪಾಯಿಂಟರ್ ಬದಲು ಇಂಡೆಕ್ಸ್ (ಸ್ಟ್ಯಾಕಿನಲ್ಲಿ ಎಷ್ಟನೇ ಸ್ಥಾನ ಅನ್ನುವುದು). ಕುಗ್ಗಿಸುವುದು ಜಿಸಿ ಹೊತ್ತಿನಲ್ಲಿ ಮಾತ್ರ, ಬಳಕೆ ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಅರ್ಧಕ್ಕೆ. ಅರ್ಧಕ್ಕಿಳಿದ ಕೂಡಲೇ ಕುಗ್ಗಿಸಿದರೆ ಹಿಗ್ಗಿ ಕುಗ್ಗಿ ಸುಸ್ತಾಗುತ್ತದೆ, ನೋಡಿದ್ದೇನೆ. ಲುವಾ ಕೂಡ ಜಿಸಿಯಲ್ಲೇ ಸ್ಟ್ಯಾಕ್ ಕುಗ್ಗಿಸುತ್ತದೆ, ಅಲ್ವಾ? ನಕ್ಕವರಿಗೆ ಹೇಳಿದೆ. ಸತ್ತ ಕೊರೂಟೀನಿನ ಸ್ಟ್ಯಾಕನ್ನು ಎಲ್ಲಿಟ್ಟು ಮತ್ತೆ ಹೇಗೆ ಕೊಡುತ್ತೇನೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ನಡುವೆ ಒಂದು ಹುಚ್ಚು. ಉದ್ದದ ಲಿಸ್ಟ್ ಬಂದಾಗ ರಿಕರ್ಸಿವ್ ಮಾರ್ಕಿಂಗ್ (ತನ್ನನ್ನೇ ಮತ್ತೆ ಮತ್ತೆ ಕರೆದು ಗುರುತಿಸುವುದು) ವಿಎಮ್ಮಿನ ಕೆಳಗಿರುವ ಸಿ ಭಾಷೆಯ ಸ್ಟ್ಯಾಕನ್ನೇ ಒಡೆಯಿತು. ಬೇರೆ ಸ್ಟ್ಯಾಕ್ ಬೇಡದ, ಪಾಯಿಂಟರ್ ತಿರುಗಿಸುವ ಡಾಯ್ಚ್-ಶೋರ್-ವೇಟ್ ವಿಧಾನ ಬರೆದೆ, ಕುವೆಂಪುನಗರದ ರೂಮಿನಲ್ಲಿ ಎರಡು ರಾತ್ರಿ ನಿದ್ದೆ ಇಲ್ಲ. ಓಡಿತು, ಆದರೆ ನಿಧಾನ. ಕೊನೆಗೆ 2 ಕೆಬಿಯ ಮಾರ್ಕ್ ಸ್ಟ್ಯಾಕೇ (ಇನ್ನೂ ನೋಡಬೇಕಾದವುಗಳ ಪಟ್ಟಿ) ಸಾಕಾಯಿತು, ತುಂಬಿದರೆ ಹೀಪನ್ನು ಇನ್ನೊಮ್ಮೆ ಹುಡುಕುತ್ತದೆ.

ಯುಗಾದಿಗೆ ಬಾಕಿ ಬಂತು. ಅದರಲ್ಲಿ 7 ಸಾವಿರ ಸುಟ್ಟ ಬೋರ್ಡುಗಳಿಗೇ ಹೋಯಿತು.