ಕೋಡಿಬಾಗದ ಉಪ್ಪುಗಾಳಿ ಮತ್ತು ನನ್ನ ಕಾರಿನ ಹಿಂದಿನ ಬ್ರೇಕ್

ನನ್ನ ಹಳೆಯ ಸ್ಕೋಡಾ ಲಾರಾ ಕಾರಿಗೆ ನಾನೇ ಮನೆಯಲ್ಲಿ ಕೂರಿಸಿದ ಹಿಂದಿನ ಬ್ರೇಕ್ ಎರಡು ಮಳೆಗಾಲ ದಾಟಿತು. ಮೊನ್ನೆ ಚಕ್ರ ಬಿಚ್ಚಿ ನೋಡಿದೆ. ನಾಲ್ಕೂ ಪ್ಯಾಡ್ ಹೆಚ್ಚುಕಮ್ಮಿ ಒಂದೇ ದಪ್ಪ, 8 ಎಂಎಂ ಹತ್ತಿರ ಉಳಿದಿವೆ. ಚಕ್ರದ ಜೊತೆ ತಿರುಗುವ, ಪ್ಯಾಡ್ ಒತ್ತಿ ಹಿಡಿಯುವ ಕಬ್ಬಿಣದ ತಟ್ಟೆ, ಅಂದರೆ ರೋಟರ್ ಮೇಲೆ ಒಂದು ಗೀರೂ ಇಲ್ಲ. "ಒಂದು ಮಳೆಗಾಲ ತಡೆದ್ರೆ ಆಮೇಲೆ ಮಾತಾಡು ಮಾರಾಯ" ಅಂದಿದ್ದ ಶಿರಸಿಯ ಭಾವನಿಗೆ ಅಲ್ಲೇ ನಿಂತು ಫೋಟೋ ಕಳಿಸಿದೆ.

ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಕಾಳಿ ನದಿ ಸಮುದ್ರ ಸೇರುವ ಜಾಗ ಹತ್ತಿರವೇ. ವರ್ಷದಲ್ಲಿ ಎಂಟು ತಿಂಗಳು ಉಪ್ಪುಗಾಳಿ, ಉಳಿದ ನಾಲ್ಕು ತಿಂಗಳು ಮಳೆ. ಇಲ್ಲಿ ಹಿಂದಿನ ಬ್ರೇಕ್ ಸವೆದು ಹಾಳಾಗುವುದು ಕಡಿಮೆ, ತುಕ್ಕು ಹಿಡಿದು ಹಾಳಾಗುವುದೇ ಜಾಸ್ತಿ. ಕಾರು ನಿಲ್ಲಿಸುವ ಕೆಲಸ ಬಹುಪಾಲು ಮುಂದಿನ ಬ್ರೇಕ್ ಮಾಡುತ್ತದೆ. ಹಿಂದಿನ ಪ್ಯಾಡ್ ಮೆತ್ತಗೆ ಒತ್ತುವುದರಿಂದ ರೋಟರ್ ಮೇಲಿನ ತುಕ್ಕು ಪೂರ್ತಿ ಉಜ್ಜಿ ಹೋಗುವುದಿಲ್ಲ. ಇದು ತಲೆಗೆ ಹೋಗಲು ನನಗೆ ಎರಡು ಸೋಲು ಮತ್ತು ಸುಮಾರು 11 ಸಾವಿರ ರೂಪಾಯಿ ಬೇಕಾಯಿತು.

ಮೊದಲ ಸೋಲು ಪಿಸ್ಟನ್‌ನದ್ದು. ಈ ಕಾರಿನಲ್ಲಿ ಹ್ಯಾಂಡ್‌ಬ್ರೇಕ್ ಕೆಲಸ ಮಾಡುವುದು ಹಿಂದಿನ ಕ್ಯಾಲಿಪರ್ (ಪ್ಯಾಡನ್ನು ರೋಟರಿಗೆ ಒತ್ತುವ ಹಿಡಿ) ಒಳಗೇ. ಹಾಗಾಗಿ ಹೊಸ ಪ್ಯಾಡಿಗೆ ಜಾಗ ಮಾಡಲು, ಪ್ಯಾಡ್ ತಳ್ಳುವ ಪಿಸ್ಟನ್ನನ್ನು ಒತ್ತುತ್ತಾ ತಿರುಗಿಸಿ ಒಳಗೆ ಕಳಿಸಬೇಕು. ನಾನು ಮುಂದಿನ ಚಕ್ರಕ್ಕೆ ಮಾಡಿದ ಹಾಗೆ ಸಿ-ಕ್ಲಾಂಪ್ ಹಾಕಿ ಬಿಗಿದೆ. ಒಳಗೆ ಏನೋ ಟಕ್ ಅಂತು. ಅಷ್ಟೇ, ಆ ಕಡೆಯ ಹ್ಯಾಂಡ್‌ಬ್ರೇಕ್ ಹೋಯಿತು. ರಿಪೇರಿ ಮಾಡಿದ ಹಳೆಯ ಕ್ಯಾಲಿಪರ್ ಹುಬ್ಬಳ್ಳಿಯಿಂದ ತರಿಸಿದೆ, ಏಳು ಸಾವಿರದ ಆಸುಪಾಸು. ಎರಡು ಮೊಳೆಯ, ತಿರುಗಿಸುವ ಟೂಲ್ ಬರೀ 1,300ಕ್ಕೆ ಸಿಗುತ್ತಿತ್ತು.

ಎರಡನೇ ಸಲ ಟೂಲ್ ಇತ್ತು. ಹೊಸ ಪ್ಯಾಡ್ ಹಾಕಿದೆ, ರೋಟರ್ ಹಳೆಯದನ್ನೇ ಬಿಚ್ಚಿ ಒರೆಸಿ ಮತ್ತೆ ಕೂರಿಸಿದೆ. ಎರಡು ವಾರ ಬೆಣ್ಣೆಯ ಹಾಗೆ ಹಿಡಿಯಿತು. ಎರಡೂವರೆ ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಬ್ರೇಕ್ ಒತ್ತಿದಾಗ ಸೀಟಿನ ಕೆಳಗೆ ಅದುರಲು ಶುರು. ಬಿಚ್ಚಿ ನೋಡಿದರೆ ಎಡಗಡೆಯ ಒಳ ಪ್ಯಾಡ್ ಲೋಹ ಮುಟ್ಟುವುದರಲ್ಲಿತ್ತು, ಹೊರಗಿನದು ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು. ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಸ್ಲೈಡ್ ಪಿನ್ ಜಾಮ್ ಆಗಿತ್ತು. ನಾಲ್ಕು ಸಾವಿರ ಹೋಯಿತು. ಹುಬ್ಬಳ್ಳಿಯ ಒಂದು ಗ್ಯಾರೇಜಿನಲ್ಲಿ ಕೇಳಿದರೆ ಎಲ್ಲ ಸೇರಿ 18 ಸಾವಿರ ಅಂದರು. ಮೇಲೆ ಅರಬೈಲ್ ಘಟ್ಟ ಹತ್ತಿ ಹೋಗಿಬರುವ ಡೀಸೆಲ್, ಒಂದು ದಿನದ ರಜೆ. ಭಾವ ಫೋನಿನಲ್ಲಿ, "ಬ್ರೇಕ್ ಮನೇಲಿ ಮಾಡೋ ಕೆಲಸ ಅಲ್ಲ, ಹಟ ಬಿಡು" ಅಂದ. ನಾನು ಬಿಡಲಿಲ್ಲ.

ಮೂರನೇ ಸಲ ಎರಡು ದಿನ ಹಿಡಿಯಿತು. ಅದರಲ್ಲಿ ಒಂದೂವರೆ ದಿನ ಬರೀ ತುಕ್ಕು ತೆಗೆದಿದ್ದೇನೆ. ರೋಟರ್ ಹಿಡಿದಿರುವ ಚಿಕ್ಕ ಸ್ಕ್ರೂನ ತಲೆ ಎಡಗಡೆ ಸವೆದು ಹೋಗಿತ್ತು, ಡ್ರಿಲ್ ಹೊಡೆದು ತೆಗೆದೆ. ಬಲಗಡೆಯದು ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ನಾಲ್ಕು ಸಲ ಹೊಡೆದಾಗ ಬಂತು. ಕ್ಯಾಲಿಪರ್ ಹೊತ್ತಿರುವ ಬ್ರಾಕೆಟ್ಟಿನ ಬೋಲ್ಟಿಗೆ 12 ಹಲ್ಲಿನ ಎಂ14 ಬಿಟ್ ಬೇಕೇ ಬೇಕು. ಬೋಲ್ಟಿನ ಹೊಂಡದಲ್ಲಿರುವ ತುಕ್ಕನ್ನು ಸೂಜಿಯಿಂದ ಕೆರೆದು ಆಮೇಲೆ ಬಿಟ್ ಹೊಡೆಯಿರಿ, ಇಲ್ಲದಿದ್ದರೆ ಹಲ್ಲು ಉರುಟಾಗುತ್ತದೆ. ವಾಪಸ್ ಹಾಕುವಾಗ ಹೊಸ ಬೋಲ್ಟ್ ಹಾಕಿದೆ: ಬಿಗಿತ 90 ನ್ಯೂಟನ್ ಮೀಟರ್, ಮೇಲೆ ಕಾಲು ಸುತ್ತು.

ರೋಟರ್ ಹಬ್‌ಗೆ, ಅಂದರೆ ಚಕ್ರ ಕೂರುವ ನಡುಭಾಗಕ್ಕೆ, ಬೆಸುಗೆ ಹಾಕಿದ ಹಾಗೆ ಕಚ್ಚಿಕೊಂಡಿತ್ತು. ಗ್ಯಾಸ್ ಹಿಡಿದು ಕಾಯಿಸು ಅಂದವರಿದ್ದರು. ಹಬ್ ಬೇರಿಂಗ್ ಸೀಲ್ ಅಲ್ಲೇ ಇದೆ, ನಾನು ಒಪ್ಪಲಿಲ್ಲ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದೆ. ಸುತ್ತಿಗೆ ಎಲ್ಲಿ, ಯಾವ ಕ್ರಮದಲ್ಲಿ ಬೀಳಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದು ನನ್ನ ಹತ್ತಿರವೇ ಇರಲಿ. ಹತ್ತು ನಿಮಿಷದಲ್ಲಿ ಎರಡೂ ಕಳಚಿದವು.

ಆಮೇಲೆ ಹಬ್ ಮುಖ. ಎರಡನೇ ಸಲ ಅದುರು ಬಂದಿದ್ದು ಇಲ್ಲಿಂದಲೇ. ತುಕ್ಕಿನ ಒಂದು ಚಕ್ಕೆ ಉಳಿದರೂ ರೋಟರ್ ಓರೆಯಾಗಿ ಕೂರುತ್ತದೆ. ಮೊದಲು ಗೊತ್ತೇ ಆಗುವುದಿಲ್ಲ. ಪ್ಯಾಡಿಗೆ ಸುತ್ತಿಗೊಂದು ಸಲ ತಾಗಿ ತಾಗಿ ರೋಟರ್ ಒಂದು ಕಡೆ ತೆಳುವಾಗುತ್ತದೆ, ಆಗ ಅದುರು. ಲೇತ್ ಅಂಗಡಿಯಿಂದ ಓಲಾಟ ಅಳೆಯುವ ಡಯಲ್ ಗೇಜ್ ಕೇಳಿ ತಂದೆ. ಹೊಸ ರೋಟರನ್ನು ಎರಡು ಚಕ್ರದ ಬೋಲ್ಟಿಗೆ ವಾಷರ್ ಹಾಕಿ ಬಿಗಿದು ತಿರುಗಿಸಿದರೆ 0.15 ಎಂಎಂ ಓಲಾಟ. ವೈರ್ ಬ್ರಷ್, ಮರಳು ಕಾಗದ ಹಿಡಿದು ಹಬ್ ಮುಖವನ್ನು ಬೆಳ್ಳಗೆ ಹೊಳೆಯುವ ತನಕ ಉಜ್ಜಿದ ಮೇಲೆ ಅದೇ ರೋಟರ್ 0.04ಕ್ಕೆ ಬಂತು. ಗೇಜಿನ ಮುಳ್ಳು ಹೆಚ್ಚುಕಮ್ಮಿ ಅಲುಗದೆ ನಿಂತಿದ್ದು ನೋಡಿ ಆದ ಖುಷಿ ದೊಡ್ಡದು.

ತುಕ್ಕು ಕಾಡುವ ಇನ್ನೊಂದು ಜಾಗ, ಪ್ಯಾಡಿನ ಎರಡು ತುದಿಯ ಕಿವಿ ಕೂರುವ ಸ್ಟೀಲ್ ಕ್ಲಿಪ್. ಕ್ಲಿಪ್ಪಿಗೆ ತುಕ್ಕು ಹಿಡಿಯುವುದಿಲ್ಲ, ಅದರ ಅಡಿಯ ಬ್ರಾಕೆಟ್ಟಿಗೆ ಹಿಡಿಯುತ್ತದೆ. ತುಕ್ಕು ಉಬ್ಬಿ ಕ್ಲಿಪ್ಪನ್ನು ಮೇಲೆತ್ತುತ್ತದೆ, ಪ್ಯಾಡ್ ಜಾಮ್. ಹೊಸ ಪ್ಯಾಡ್ ಬಿಗಿ ಅಂತ ಪ್ಯಾಡಿನ ಕಿವಿ ಅರೆಯುವವರನ್ನು ನೋಡಿದ್ದೇನೆ. ಅರೆಯಬೇಕಾದ್ದು ಅಡಿಯ ತುಕ್ಕು. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ತುಕ್ಕು ತೆಗೆದ ಮೇಲೆ ಕ್ಲಿಪ್ ಅಡಿಗೆ ನಾನು ಏನು ಹಚ್ಚುತ್ತೇನೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಪಿನ್ನಿಗೆ ಮಾತ್ರ ಸಿಲಿಕೋನ್ ಗ್ರೀಸೇ ಹಾಕಿ. ಬೇರಿಂಗ್ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬುತ್ತದೆ.

ಬ್ರಾಕೆಟ್ ತುಕ್ಕಿಗೆ ಒಂದು ಪ್ರಯೋಗ ಮಾಡಿದೆ. ಹಿತ್ತಲಲ್ಲಿ ಬಿಂಬುಳಿ ಮರ ಇದೆ, ತುಂಬ ಹುಳಿಯ ಕಾಯಿ ಉದುರಿ ಹಾಳಾಗುತ್ತಿತ್ತು. ಒಂದೆರಡು ಕಿಲೋ ಜಜ್ಜಿ ಬಕೆಟ್ಟಿಗೆ ಹಾಕಿ, ಬಿಚ್ಚಿದ ಬ್ರಾಕೆಟ್ ರಾತ್ರಿಯಿಡೀ ಮುಳುಗಿಸಿಟ್ಟೆ. ಬೆಳಿಗ್ಗೆ ಬ್ರಷ್ ಆಡಿಸಿದರೆ ತುಕ್ಕು ಕಪ್ಪು ಕೆಸರಾಗಿ ಕಳಚಿ ಬಂತು. ಅಡುಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಕೂಡಲೇ ಶಾಖ ತಡೆಯುವ ಬಣ್ಣ ಹೊಡೆದೆ. ಮುರುಗಲು ಸಿಪ್ಪೆ ನೆನೆಸಿಯೂ ನೋಡಿದೆ, ಅಷ್ಟು ಜೋರಿಲ್ಲ. ಬಿಂಬುಳಿಯಲ್ಲಿ ಒಂದೇ ರಾತ್ರಿ ಸಾಕು. ಎರಡು ರಾತ್ರಿ ಬಿಟ್ಟ ಹಳೆಯ ಬೋಲ್ಟನ್ನು ಹುಳಿ ತಿಂದುಬಿಟ್ಟಿತ್ತು. ರಬ್ಬರ್ ಇರುವ ಕ್ಯಾಲಿಪರನ್ನು ಹುಳಿಯ ಹತ್ತಿರವೂ ತರಬೇಡಿ.

ಖರ್ಚು ನೆನಪಿನಿಂದ ಹೇಳುತ್ತೇನೆ. ರೋಟರ್ ಜೋಡಿ ಐದೂವರೆ ಸಾವಿರ, ಪ್ಯಾಡ್ 2,400, ಬ್ರೇಕ್ ಕ್ಲೀನರ್, ಗ್ರೀಸ್, ಡಾಟ್ 4 ಬ್ರೇಕ್ ಆಯಿಲ್, ಬೋಲ್ಟ್ ಸೇರಿ ಸಾವಿರದ ಐನೂರು. ಒಟ್ಟು ಒಂಬತ್ತೂವರೆ ಆಗಿರಬಹುದು. ಹೊಸ ರೋಟರಿಗೆ ಹಚ್ಚಿರುವ ಎಣ್ಣೆಯನ್ನು ಎರಡು ಸಲ ತೊಳೆದೆ. ಮರುದಿನ ಬೆಳಗಿನ ಜಾವ ಹೆದ್ದಾರಿಯಲ್ಲಿ ಬಿಣಗಾ ದಾಟಿ ಅರ್ಗಾ ಕಡೆ ಹೋಗಿ, ಹೊಸ ಪ್ಯಾಡ್ ರೋಟರಿಗೆ ಹೊಂದಲಿ ಅಂತ, ಹಿಂದೆ ಯಾರೂ ಇಲ್ಲದಾಗ ಬ್ರೇಕ್ ಒತ್ತಿ ವೇಗವನ್ನು 60ರಿಂದ 20ಕ್ಕೆ ಎಂಟ್ಹತ್ತು ಸಲ ಇಳಿಸಿದೆ. ಬಿಸಿ ಇರುವಾಗ ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ.

ಭಾವನ ಕಾರೂ ಇದೇ ವಯಸ್ಸಿನದು. ಶಿರಸಿಯಲ್ಲೂ ಮಳೆಗೆ ಕಡಿಮೆಯಿಲ್ಲ, ಆದರೆ ಘಟ್ಟದ ಮೇಲೆ ಉಪ್ಪಿಲ್ಲ. ಅವನ ಹಿಂದಿನ ರೋಟರ್ ಕೈಯಲ್ಲಿ ಎಳೆದರೆ ಬಂತು, ನಾನೇ ಬಿಚ್ಚಿ ನೋಡಿದ್ದೇನೆ. ಹಾಗಾಗಿ ಅಲ್ಲಿನವರ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಾನು ಈಗ ಮಳೆಗಾಲದಲ್ಲಿ ರಾತ್ರಿ ಹ್ಯಾಂಡ್‌ಬ್ರೇಕ್ ಎಳೆಯುವುದೇ ಇಲ್ಲ. ಮನೆ ಮುಂದೆ ಸಮತಟ್ಟು, ಗೇರಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡುತ್ತೇನೆ. ಎಳೆದಿಟ್ಟರೆ ಬೆಳಿಗ್ಗೆ ಪ್ಯಾಡ್ ರೋಟರಿಗೆ ಅಂಟಿರುತ್ತದೆ. ಕಡಲ ದಂಡೆಗೆ ಹೋಗಿಬಂದ ದಿನ ಹಿಂದಿನ ಚಕ್ರಕ್ಕೆ ಬಾವಿ ನೀರು ಬಿಟ್ಟು, ಆಮೇಲೆ ಒಂದು ಸುತ್ತು ಓಡಿಸಿ ಬ್ರೇಕ್ ಒಣಗಿಸುತ್ತೇನೆ.

ಮೊನ್ನೆ ಬಿಚ್ಚಿದಾಗ ಬಲಗಡೆಯ ಹ್ಯಾಂಡ್‌ಬ್ರೇಕ್ ಕೇಬಲ್ ಸ್ವಲ್ಪ ಗಟ್ಟಿ ಅನ್ನಿಸಿತು. ಲಿವರ್ ವಾಪಸ್ ಬರಲು ತಡ ಮಾಡುತ್ತಿದೆ. ದೀಪಾವಳಿ ಕಳೆದ ಮೇಲೆ ಅದನ್ನು ಬಿಚ್ಚುತ್ತೇನೆ.