ರೆಮ್ ನಿದ್ರೆಯ ಸ್ನಾಯು ದಾಖಲೆಯನ್ನು ವಯಸ್ಸು ಮತ್ತು ಲಿಂಗ ಗಮನಿಸಿ ಓದುವ ಕ್ರಮ

ಕನಸುಗಳು ಹೆಚ್ಚಾಗಿ ಬೀಳುವ ರೆಮ್ ನಿದ್ರೆಯಲ್ಲಿ ಕಣ್ಣುಗುಡ್ಡೆಗಳು ಚುರುಕಾಗಿ ಚಲಿಸುತ್ತವೆ, ವಪೆ ಉಸಿರಾಟವನ್ನು ನಡೆಸುತ್ತದೆ, ಮಿಕ್ಕ ಸ್ನಾಯುಗಳು ಬಹುಮಟ್ಟಿಗೆ ಸಡಿಲವಾಗಿರುತ್ತವೆ. ಮಿದುಳುಕಾಂಡದ ಪಾನ್ಸ್ ಭಾಗದಿಂದ ಹೊರಟ ಸಂಕೇತಗಳು ಕೊನೆಗೆ ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳ ಮೂಲಕ ಚಾಲಕ ನರಕೋಶಗಳನ್ನು ತಡೆಹಿಡಿಯುವುದರಿಂದ ಹೀಗಾಗುತ್ತದೆ. ಈ ತಡೆ ಕುಸಿದಾಗ ಮನುಷ್ಯ ಕನಸಿನಲ್ಲಿ ಮಾಡುವುದನ್ನೇ ಹಾಸಿಗೆಯಲ್ಲಿಯೂ ಮಾಡತೊಡಗುತ್ತಾನೆ. 1986ರಲ್ಲಿ ಅಮೆರಿಕದ ಕಾರ್ಲೋಸ್ ಶೆಂಕ್, ಮಾರ್ಕ್ ಮಹೋವಾಲ್ಡ್ ಮತ್ತು ಸಂಗಡಿಗರು ವಿವರಿಸಿದ ರೆಮ್ ನಿದ್ರಾ ವರ್ತನೆಯ ತೊಂದರೆ ಇದೇ. ಆದರೆ ಆರೋಗ್ಯವಂತರಲ್ಲಿಯೂ ತಡೆ ಸಂಪೂರ್ಣವಾಗಿರುವುದಿಲ್ಲ. ಎಷ್ಟು ಮಿಡುಕಾಟ ಸಹಜ ಎಂಬುದನ್ನು ವಯಸ್ಸು ಮತ್ತು ಲಿಂಗವನ್ನು ಬಿಟ್ಟು ಹೇಳಲು ಬರುವುದಿಲ್ಲ.

ಮೊದಲ ಕೆಲಸ ದಾಖಲೆಯನ್ನು ಶುದ್ಧವಾಗಿ ಪಡೆಯುವುದು. ಗದ್ದ ಮತ್ತು ಎರಡೂ ಕಾಲುಗಳ ಮುಂಭಾಗದ ಸ್ನಾಯುಗಳಿಗೆ ಇಎಂಜಿ, ಅಂದರೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಗೆರೆಯಾಗಿ ದಾಖಲಿಸುವ ಸಾಧನ, ಜೋಡಿಸುವುದು ವಾಡಿಕೆ. ವರ್ತನೆಯ ತೊಂದರೆಯ ಸಂಶಯವಿದ್ದರೆ ಮುಂಗೈಗಳಲ್ಲಿ ಬೆರಳು ಮಡಿಸುವ ಸ್ನಾಯುವನ್ನೂ ಸೇರಿಸಬೇಕು, ಏಕೆಂದರೆ ಕಾಲಿನ ಮಿಡುಕಾಟ ಬೇರೆ ಕಾರಣಗಳಿಂದಲೂ ಬರುತ್ತದೆ, ಮುಂಗೈಯ ಸಾಕ್ಷ್ಯ ಅದಕ್ಕಿಂತ ನಂಬಿಕೆಗೆ ಅರ್ಹ. ಗೊರಕೆಯ ಕಂಪನ ಗದ್ದದ ಗೆರೆಯನ್ನು ಕೆಡಿಸುತ್ತದೆ. ಉಸಿರುಗಟ್ಟಿ ಎಚ್ಚರಗೊಳ್ಳುವ ಕ್ಷಣಗಳಲ್ಲಿ ಸ್ನಾಯು ಬಿಗಿಯುವುದು ಸಹಜವಾದ್ದರಿಂದ ಅಂತಹ ತುಣುಕುಗಳನ್ನು ಎಣಿಕೆಯಿಂದ ಹೊರಗಿಡಬೇಕು. ಇದನ್ನು ಮರೆತರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ.

ಎಣಿಕೆಯಲ್ಲಿ ಎರಡು ಬಗೆಯ ಚಟುವಟಿಕೆಯನ್ನು ಬೇರೆಬೇರೆಯಾಗಿ ನೋಡಬೇಕು. ಎಪಾಕ್ ಎಂದರೆ ದಾಖಲೆಯ 30 ಸೆಕೆಂಡಿನ ತುಣುಕು. ಅದರಲ್ಲಿ ಕನಿಷ್ಠ ಅರ್ಧ ಭಾಗ ಗದ್ದದ ಬಿಗಿತ ರೆಮ್ ಅಲ್ಲದ ನಿದ್ರೆಯ ಕನಿಷ್ಠ ಮಟ್ಟಕ್ಕಿಂತ ಮೇಲಿದ್ದರೆ ಅದು ನಿರಂತರ ಚಟುವಟಿಕೆ. ಅದೇ ಎಪಾಕ್ ಅನ್ನು 3 ಸೆಕೆಂಡಿನ 10 ತುಂಡುಗಳಾಗಿ ಒಡೆದು, 5 ಅಥವಾ ಹೆಚ್ಚು ತುಂಡುಗಳಲ್ಲಿ ಹಿನ್ನೆಲೆಗಿಂತ ಸ್ಪಷ್ಟವಾಗಿ ಎತ್ತರದ, 0.1ರಿಂದ 5 ಸೆಕೆಂಡಿನ ಮಿಡಿತಗಳು ಕಂಡರೆ ಅದು ಅತಿಯಾದ ಕ್ಷಣಿಕ ಚಟುವಟಿಕೆ. ಸೊನ್ನೆಯಿಂದ 1ರವರೆಗಿನ ಸಡಿಲತೆಯ ಸೂಚ್ಯಂಕವನ್ನು ಗಣಕವೇ ಕೊಡಬಲ್ಲದು. 1ಕ್ಕೆ ಹತ್ತಿರವಾದಷ್ಟೂ ಸ್ನಾಯು ಹೆಚ್ಚು ಸಡಿಲವಾಗಿದೆ ಎಂದರ್ಥ. ಗಣಕದ ಅಂಕಿ ಬಂದ ಮೇಲೂ ಗೆರೆಯನ್ನು ಕಣ್ಣಾರೆ ನೋಡುವುದು ಒಳ್ಳೆಯದು.

ಈಗ ವಯಸ್ಸಿನ ಮಾತು. ನವಜಾತ ಶಿಶು ನಿದ್ರೆಯ ಸುಮಾರು ಅರ್ಧ ಭಾಗವನ್ನು ರೆಮ್ ಮಾದರಿಯ ಸಕ್ರಿಯ ನಿದ್ರೆಯಲ್ಲಿ ಕಳೆಯುತ್ತದೆ. ಆಗ ಕೈಕಾಲು ಮಿಡುಕುವುದು, ತುಟಿ ಅಲುಗುವುದು ಬೆಳವಣಿಗೆಯ ಭಾಗವೇ ಹೊರತು ರೋಗಲಕ್ಷಣವಲ್ಲ. ಮಗು ಬೆಳೆದಂತೆ ತಡೆ ಗಟ್ಟಿಯಾಗಿ, ಯೌವನದಲ್ಲಿ ಗೆರೆ ಬಹುತೇಕ ಸಪಾಟಾಗುತ್ತದೆ. ಇಳಿವಯಸ್ಸಿನಲ್ಲಿ, ಯಾವ ದೂರೂ ಇಲ್ಲದವರಲ್ಲಿಯೂ, ಚಟುವಟಿಕೆ ಮತ್ತೆ ಏರುತ್ತದೆ. ಆದ್ದರಿಂದ 25 ವರ್ಷದವರ ದಾಖಲೆಯಲ್ಲಿ ಎದ್ದು ಕಾಣುವ ಪ್ರಮಾಣ 75 ವರ್ಷದವರಲ್ಲಿ ಸಾಧಾರಣವಾಗಿರಬಹುದು. ಹೋಲಿಕೆ ಸಮವಯಸ್ಕರೊಂದಿಗೇ ನಡೆಯಬೇಕು.

ಲಿಂಗದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಒಟ್ಟಾರೆಯಾಗಿ ಗಂಡಸರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಚಟುವಟಿಕೆ ಸ್ವಲ್ಪ ಹೆಚ್ಚು. ನಿದ್ರಾ ಚಿಕಿತ್ಸಾಲಯಗಳಿಗೆ ರೆಮ್ ನಿದ್ರಾ ವರ್ತನೆಯ ತೊಂದರೆಯಿಂದ ಬರುವವರಲ್ಲಿ 50 ದಾಟಿದ ಗಂಡಸರೇ ಬಹುಪಾಲು. ಆದರೆ ಸಮುದಾಯದಲ್ಲಿ ಹುಡುಕಿದಾಗ ಮತ್ತು 50ಕ್ಕಿಂತ ಕಡಿಮೆ ವಯಸ್ಸಿನವರಲ್ಲಿ ಗಂಡು ಹೆಣ್ಣಿನ ಅಂತರ ತಗ್ಗುತ್ತದೆ. ಹೆಂಗಸರ ಚಲನೆಗಳು ಮೃದುವಾಗಿದ್ದರೆ ಪಕ್ಕದಲ್ಲಿ ಮಲಗಿದವರು ಗಮನಿಸುವುದಿಲ್ಲ, ಒಂಟಿಯಾಗಿ ಮಲಗುವವರನ್ನು ನೋಡುವವರೇ ಇರುವುದಿಲ್ಲ. ಹೀಗಾಗಿ, ನನ್ನ ಅಭಿಪ್ರಾಯದಲ್ಲಿ, ವೃದ್ಧನ ಅಂಕಿಯನ್ನು ಬೇಗನೆ ರೋಗವೆನ್ನುವುದು ಒಂದು ತಪ್ಪಾದರೆ, ಮಹಿಳೆಯ ಸಾಧಾರಣ ಅಂಕಿಯನ್ನು ನೋಡಿ ಪ್ರಶ್ನೆಯನ್ನೇ ಕೇಳದಿರುವುದು ಅದಕ್ಕಿಂತ ದೊಡ್ಡ ತಪ್ಪು.

ಅಂಕಿ ಹೆಚ್ಚಿದ್ದರೆ ಔಷಧಿಗಳ ಪಟ್ಟಿಯನ್ನು ತರಿಸಿಕೊಳ್ಳಬೇಕು. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು, ಮುಖ್ಯವಾಗಿ ಸೆರೊಟೋನಿನ್ ಹೆಚ್ಚಿಸುವಂಥವು, ರೆಮ್ ನಿದ್ರೆಯ ಸ್ನಾಯು ಬಿಗಿತವನ್ನು ಏರಿಸುತ್ತವೆ. ಯುವಜನರಲ್ಲಿ ಈ ಕಾರಣವನ್ನೂ ಹಗಲಿನಲ್ಲಿ ತಡೆಯಲಾಗದ ನಿದ್ರೆ ಬರುವ ನಾರ್ಕೊಲೆಪ್ಸಿ ಕಾಯಿಲೆಯನ್ನೂ ಮೊದಲು ವಿಚಾರಿಸುವುದು ಸೂಕ್ತ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಲು ಯಾರಿಗೂ ಹೇಳಬಾರದು.

ವರದಿ ಬರೆಯುವಾಗ ಅಂಕಿಯ ಜೊತೆ ವಯಸ್ಸು, ಲಿಂಗ, ಔಷಧಿ, ಎಣಿಸಿದ ಸ್ನಾಯು ಮತ್ತು ವಿಧಾನವನ್ನು ನಮೂದಿಸಬೇಕು, ವೀಡಿಯೊದಲ್ಲಿ ಒದೆತ, ಕೂಗು ಕಂಡಿತೇ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕು. ದೂರೂ ಇಲ್ಲದೆ, ವೀಡಿಯೊದಲ್ಲಿ ಏನೂ ಕಾಣದೆ, ಬರೀ ಚಟುವಟಿಕೆ ಮಾತ್ರ ಇದ್ದರೆ ಅದಕ್ಕೆ ರೋಗದ ಹೆಸರಿಡಬಾರದು. ಬೇರೆ ಕಾರಣವಿಲ್ಲದೆ ಬರುವ ವರ್ತನೆಯ ತೊಂದರೆ ಪಾರ್ಕಿನ್ಸನ್ ಕಾಯಿಲೆ ಅಥವಾ ಅದರ ಬಳಗದ ರೋಗಗಳ ಮುನ್ಸೂಚನೆಯಾಗಿರಬಹುದು. 2019ರಲ್ಲಿ ಪ್ರಕಟವಾದ, 1280 ಜನರನ್ನು ಹಿಂಬಾಲಿಸಿದ ಬಹುಕೇಂದ್ರ ಅಧ್ಯಯನದಲ್ಲಿ ವರ್ಷಕ್ಕೆ ಶೇಕಡಾ 6ರಷ್ಟು ಮಂದಿ ಅಂತಹ ರೋಗಕ್ಕೆ ತಿರುಗಿದ್ದರು. ಇಷ್ಟು ಭಾರದ ಸುದ್ದಿಯನ್ನು ಕೇವಲ ಗದ್ದದ ಗೆರೆಯ ಆಧಾರದ ಮೇಲೆ ಹೇಳಬಾರದು, ಹಾಸಿಗೆಯಿಂದ ಬಿದ್ದು ಗಾಯವಾಗಿದೆ ಎಂದು ಹೇಳುವವರನ್ನು ವಯಸ್ಸಿನ ನೆಪದಲ್ಲಿ ಹಿಂದಕ್ಕೆ ಕಳಿಸಲೂಬಾರದು.